ಒಂದು ಜಡೆಯ ರಿಬ್ಬನ್

ಬೆಳಿಗ್ಗೆ ಎರಡು ಜಡೆ ಹಾಕಿ ಕಳಿಸಿದರೆ ಸಂಜೆ ಒಂದು ಬಿಚ್ಚಿಕೊಂಡಿರುತ್ತಿತ್ತು. ಯಾವಾಗಲೂ ಬಲಗಡೆಯದು. ರಿಬ್ಬನ್ ಕಳೆದಿರುತ್ತಿರಲಿಲ್ಲ. ಮುದುರಿ, ಹಗ್ಗದ ಹಾಗೆ ಹುರಿಗೊಂಡು, ಪುಸ್ತಕದ ಚೀಲದ ತಳದಲ್ಲಿ ಬಿದ್ದಿರುತ್ತಿತ್ತು.

ಅಕ್ಬರಿ ಮೊದಮೊದಲು ಮಗಳನ್ನು ಬೈದಳು. ಊದುಬತ್ತಿ ಹೊಸೆದು ಕಪ್ಪಾದ ಕೈಯನ್ನು ಸೀಗೇಪುಡಿ ಹಾಕಿ ಉಜ್ಜಿ ತೊಳೆದು, ಆಮೇಲೆ ಆ ತಲೆ ಮುಟ್ಟಬೇಕು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆದು, ತುದಿಯನ್ನು ಮೇಲಕ್ಕೆ ಮಡಿಚಿ ಕೆಂಪು ರಿಬ್ಬನ್ನಿನಲ್ಲಿ ಹೂ ಕಟ್ಟಬೇಕು. ಅಷ್ಟೆಲ್ಲ ಮಾಡಿ ಕಳಿಸಿದ ಹುಡುಗಿ ಅರ್ಧ ತಲೆ ಕೆದರಿಕೊಂಡು ಬಂದರೆ ಯಾವ ತಾಯಿಗೆ ಸಿಟ್ಟು ಬರುವುದಿಲ್ಲ? ಬೈಗುಳ ಮುಸರ್ರತ್‌ಗೆ ಕೇಳಿಸುತ್ತಿರಲಿಲ್ಲ. ಅವಳು ಹುಟ್ಟು ಕಿವುಡಿ. ಆದರೆ ಬೈಯುವ ಮುಖ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಲೆ ತಗ್ಗಿಸಿ, ಎರಡೂ ಕೈ ಬೆನ್ನ ಹಿಂದೆ ಸೇರಿಸಿಕೊಂಡು ನಿಲ್ಲುತ್ತಿದ್ದಳು. ಕೈ ಯಾಕೆ ಬೆನ್ನ ಹಿಂದೆ ಹೋಗುತ್ತದೆ ಎಂದು ಅಕ್ಬರಿ ಆಗ ಯೋಚಿಸಲಿಲ್ಲ.

ಅದು ಎಂಬತ್ತೊಂದನೇ ಇಸವಿ. ಇಡೀ ಪ್ರಪಂಚಕ್ಕೆ ಅದು ಅಂಗವಿಕಲರ ವರ್ಷವಂತೆ. ಹೆಬ್ಬಾಳದ ದಾರಿಯಲ್ಲಿ, ಬಳ್ಳಾರಿ ರಸ್ತೆಯಿಂದ ಒಂದಿಷ್ಟು ಒಳಗೆ, ಯಾರೋ ಸಾಹುಕಾರರು ದಾನ ಕೊಟ್ಟ ಹಳೇ ಬಂಗಲೆಯಲ್ಲಿ ಕಿವುಡ ಮಕ್ಕಳ ಶಾಲೆ. ಗೇಟಿನ ಮೇಲೆ ಆ ವರ್ಷದ ಬ್ಯಾನರ್ ಕಟ್ಟಿದ್ದರು. ವರ್ಷ ಅಂಗವಿಕಲರದ್ದಾಗಿರಬಹುದು, ಗೇಟು ಮಾತ್ರ ಶಾಲೆ ನಡೆಸುವ ದೊಡ್ಡ ಮೇಡಂದು. ಅಪ್ಪ ಅಮ್ಮಂದಿರು ಅದರಾಚೆ ಕಾಲಿಡುವ ಹಾಗಿರಲಿಲ್ಲ. ಬಿಸಿಲೋ ಮಳೆಯೋ ರಸ್ತೆಯಲ್ಲೇ ನಿಂತು ಕಾಯಬೇಕು. ಆಯಾ ಮುನಿವೆಂಕಟಮ್ಮ ಒಂದೊಂದೇ ಮಗುವನ್ನು ಕೈಹಿಡಿದು ತಂದು ಒಪ್ಪಿಸುತ್ತಿದ್ದಳು.

ಅಕ್ಬರಿಗೆ ಆ ಗೇಟು ಕಂಡರೆ ಹೆದರಿಕೆ. ಅದು ಮುಚ್ಚಿಬಿಟ್ಟರೆ ಎಂಬ ಹೆದರಿಕೆ. ಬೇರೆ ಗೇಟುಗಳೆಲ್ಲ ಆಗಲೇ ಮುಚ್ಚಿದ್ದವು. ಒಂದು ಶಾಲೆಯಲ್ಲಿ ಹುಡುಗರು 'ಗೂಂಗಿ, ಗೂಂಗಿ', ಮೂಗಿ ಎಂದು ಕೂಗಿ ಕಲ್ಲು ಎಸೆದಿದ್ದರು, ಹಣೆಯ ಮೇಲೆ ಇನ್ನೂ ಗುರುತಿದೆ. ಇನ್ನೊಂದು ಶಾಲೆಯ ಹೆಡ್‌ಮಾಸ್ತರು, "ಇವಳನ್ನ ಕೂರಿಸ್ಕೊಂಡು ಏನಮ್ಮ ಮಾಡ್ಲಿ? ಗೋಡೆಗೆ ಪಾಠ ಹೇಳ್ಲಾ?" ಎಂದು ಮಗಳ ಎದುರಿಗೇ ನಕ್ಕಿದ್ದರು. ಉಳಿದದ್ದು ಇದೊಂದು. ಇಲ್ಲಿ ಸೀಟು ಸಿಕ್ಕ ದಿನ ಅಕ್ಬರಿ ಗೇಟಿನ ಕಂಬಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಳು.

ಆರ್.ಟಿ. ನಗರದ ಅಂಚಿನ ಗಲ್ಲಿಯಲ್ಲಿ ಅವಳದು ಶೀಟಿನ ಮನೆ. ಗಂಡ ಖಾದರ್ ಬಾಷಾ ಯಶವಂತಪುರದಲ್ಲಿ ಲಾರಿಗಳ ತಾರ್ಪಾಲು ಹೊಲಿಯುವವನು. ಅಕ್ಬರಿ ಮನೆಯಲ್ಲೇ ಊದುಬತ್ತಿ ಹೊಸೆಯುವವಳು. ಇದ್ದಿಲು ಪುಡಿಗೆ ಜಿಗಟು ಕಲಸಿದ ಕಪ್ಪು ಹಿಟ್ಟು, ಬಿದಿರು ಕಡ್ಡಿ, ಮೊಣಕಾಲ ಮೇಲೊಂದು ಓರೆ ಮಣೆ. ಬೆಳಗಿನಿಂದ ಸಂಜೆ ತನಕ ಬಲ ಅಂಗೈ ಮಣೆಯ ಮೇಲೆ ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬೇಕು. ಸೊಂಟ ಮುರಿದು ಬೀಳುತ್ತದೆ. ಉಗುಳಿದರೆ ಉಗುಳು ಕಪ್ಪು. ಕೆಲಸ ಬಿಟ್ಟು ಕೂತರೆ ಒಲೆ ಉರಿಯುವುದಿಲ್ಲ.

ಮುಸರ್ರತ್ ಆ ಮಣೆಯ ಪಕ್ಕದಲ್ಲೇ ಬೆಳೆದ ಮಗು. ಮಾತಿಲ್ಲದಿದ್ದರೇನು, ಮನೆಯಲ್ಲಿ ಕೈ ಇತ್ತು. ಎಡ ಅಂಗೈ ಮೇಲೆ ಬಲ ಅಂಗೈ ಉಜ್ಜಿದರೆ ಅಮ್ಮೀ. ಅಂಗೈಯಿಂದ ದಪ್ಪ ಸೂಜಿ ಒತ್ತಿದ ಹಾಗೆ ಮಾಡಿದರೆ ಅಬ್ಬಾ. ನೋವಾದರೆ ಆ ಜಾಗ ಮುಟ್ಟಿ ಕೈ ಜೋರಾಗಿ ಕೊಡವುವುದು. ಇದನ್ನು ಯಾರೂ ಕಲಿಸಲಿಲ್ಲ, ಮಗು ಮಾಡಿದ್ದನ್ನು ಮನೆಯವರು ಕಲಿತರು. ಪಕ್ಕದ ಮನೆಯ ಗೌಹರ್‌ಗೂ ಅರ್ಧ ಬರುತ್ತಿತ್ತು. ಮುಸರ್ರತ್ ಆಗ ವಾಚಾಳಿ. ಬೀದಿಯಲ್ಲಿ ಕಂಡ ಒಂಟೆಯ ಕಥೆಯನ್ನು ಕೈಯಲ್ಲಿ ಹೇಳಿ ಹೇಳಿ ಅವರಪ್ಪನನ್ನು ಊಟ ಮಾಡಲು ಬಿಡುತ್ತಿರಲಿಲ್ಲ.

ಶಾಲೆಗೆ ಸೇರಿಸಿದ ಮೇಲೆ ದೊಡ್ಡ ಮೇಡಂ ಗಂಡ ಹೆಂಡತಿ ಇಬ್ಬರನ್ನೂ ಒಂದು ಸಲ ಒಳಗೆ ಕರೆಸಿದ್ದರು. ಕುರ್ಚಿ ಇತ್ತು. ಕೂರಿ ಎನ್ನಲಿಲ್ಲ.

"ಮನೇಲಿ ಕೈ ಆಡಿಸ್ತೀರಾ?"

"ಹೌದು ಮೇಡಂ. ಅವಳ ಮಾತೇ ಅದು," ಎಂದಳು ಅಕ್ಬರಿ, ಸ್ವಲ್ಪ ಹೆಮ್ಮೆಯಿಂದಲೇ.

"ಅದು ಮಾತಲ್ಲಮ್ಮ, ಕೋತಿ ಚೇಷ್ಟೆ. ಕೈಯಲ್ಲಿ ಕೆಲಸ ಆಗ್ತಿರೋ ತನಕ ಅವಳು ಬಾಯಿ ಯಾಕೆ ತೆರೀತಾಳೆ? ಇವತ್ತಿಂದ ಬಂದ್. ಕೈ ಎತ್ತಿದ್ರೆ ಮುಖ ತಿರುಗಿಸ್ಕೊಳ್ಳಿ. ಅನ್ನ ಬೇಕಾ, ಬಾಯಲ್ಲಿ ಕೇಳ್ಲಿ. ಕೇಳೋ ತನಕ ಕೊಡ್ಬೇಡಿ. ಮನೇಲಿ ಏನ್ ಭಾಷೆ?"

"ಉರ್ದು ಮೇಡಂ," ಎಂದ ಖಾದರ್.

"ಅದನ್ನೂ ಬಿಡಿ. ಕನ್ನಡ ಒಂದೇ. ಎರಡೆರಡು ಭಾಷೆ ಇವ್ರಿಗೆ ಆಗಲ್ಲ." ಮೇಡಂ ದನಿ ಎತ್ತಲಿಲ್ಲ. ಅವರು ಮದರಾಸಿನಲ್ಲಿ ತರಬೇತಿ ಪಡೆದು ಬಂದವರು, ತಾವು ಹೇಳುವುದನ್ನು ಮನಸಾರೆ ನಂಬಿದವರು. "ನಿಮ್ಮಿಂದ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಸೀಟಿಗೆ ಕಾಯ್ತಿರೋರು ಬೇಕಾದಷ್ಟು ಜನ ಇದಾರೆ. ಮೆಷಿನ್ನೂ ವಾಪಸ್ ಕೊಡ್ಬೇಕಾಗುತ್ತೆ."

ಮೆಷಿನ್ ಎಂದರೆ ಎದೆಗೆ ಕಟ್ಟುವ ಒಂದು ಡಬ್ಬಿ, ಕಿವಿಗೊಂದು ವೈರು. ಯಾವುದೋ ಕ್ಲಬ್ಬಿನವರು ಫೋಟೋ ಹಿಡಿಸಿಕೊಂಡು ಕೊಟ್ಟದ್ದು. ಅದು ಹಾಕಿದರೂ ಮುಸರ್ರತ್ ಬಸ್ಸಿನ ಹಾರ್ನಿಗೆ ತಿರುಗುತ್ತಿರಲಿಲ್ಲ.

"ನೀವ್ ಹೇಳ್ದಂಗೇ ಮಾಡ್ತೀವಿ ಮೇಡಂ," ಎಂದರು ಇಬ್ಬರೂ.

ಖಾದರನಿಗೆ ಇನ್ನೊಂದು ಹೆದರಿಕೆಯಿತ್ತು. ನಾಳೆ ಮಗಳ ನಿಕಾಹ್ ಆಗಬೇಕಾದರೆ, ಹೆಣ್ಣಿನ ಪರ ನಿಲ್ಲುವ ವಕೀಲ ಬಂದು ಒಪ್ಪಿಗೆಯೇ ಎಂದು ಕೇಳಿದಾಗ ಅವಳು 'ಖುಬೂಲ್' ಅನ್ನಬೇಕಲ್ಲ. ಆ ಒಂದು ಮಾತು ಬಾಯಿಂದ ಬರದಿದ್ದರೆ ನಿಕಾಹ್ ಆಗುತ್ತದೆಯೇ? ಆಗುವುದಿಲ್ಲವೆಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಆಗುವುದಿಲ್ಲ ಎಂದೇ ಬಿಡುತ್ತಾರೆಂಬ ಭಯ. ಒಂಬತ್ತು ವರ್ಷದ ಹುಡುಗಿಯ ಮದುವೆಯ ಚಿಂತೆಯನ್ನು ಅವನು ಎದೆಯಲ್ಲಿ ಕಟ್ಟಿಕೊಂಡು ತಾರ್ಪಾಲು ಹೊಲಿಯುತ್ತಿದ್ದ.

"ಒಂದು ಮಾತು ಸಾಕು ಅಕ್ಬರಿ," ಎನ್ನುತ್ತಿದ್ದ. "ಒಂದೇ ಒಂದು ಮಾತು ಬರ್ಲಿ. ಆಮೇಲೆ ಜೀವಮಾನವೆಲ್ಲ ಸುಮ್ಮನಿರ್ಲಿ."

ಹಾಗೆ ಆ ಮನೆಯಲ್ಲಿ ಕೈ ನಿಂತಿತು, ಉರ್ದುವೂ ನಿಂತಿತು. ಖಾದರನ ಕನ್ನಡ ಲಾರಿ ಸ್ಟ್ಯಾಂಡಿನದು. ಅದರಲ್ಲಿ ಅರ್ಧ ಮಗಳ ಮುಂದೆ ಆಡುವಂಥದ್ದಲ್ಲ. ಹಾಗಾಗಿ ಅವನೂ ಮೂಕನಾದ. ಮೂರು ಜನ ಕೂತು ಊಟ ಮಾಡಿದರೆ ತಟ್ಟೆಯ ಸದ್ದು ಬಿಟ್ಟರೆ ಇನ್ನೇನಿಲ್ಲ. ಮುಸರ್ರತ್ ರೊಟ್ಟಿಗೆ ಕೈ ತೋರಿಸಿದರೆ ಅಕ್ಬರಿ ಗೋಡೆ ಕಡೆ ತಿರುಗಬೇಕು. "ರೊಟ್ಟಿ ಅನ್ನು, ರೊಟ್ಟಿ," ಎಂದು ತುಟಿ ಹಿಗ್ಗಿಸಿ ತೋರಿಸಬೇಕು. ಮಗು ತುಟಿ ನೋಡುತ್ತಿತ್ತು, ತಟ್ಟೆ ನೋಡುತ್ತಿತ್ತು, ತಾಯಿಯ ಬೆನ್ನು ನೋಡುತ್ತಿತ್ತು. ಗಂಟಲಿನಿಂದ ಗೊರ ಗೊರ ಎನ್ನುವುದು ಬಿಟ್ಟು ಬೇರೆ ಬರುತ್ತಿರಲಿಲ್ಲ. ಎಷ್ಟೋ ಸಲ ಆ ರೊಟ್ಟಿ ತಣ್ಣಗಾಗಿ ಒಣಗಿತು. ಕೊಟ್ಟುಬಿಡೋಣ ಎಂದು ಅಕ್ಬರಿಯ ಕೈ ಹೋಗುತ್ತಿತ್ತು. ಆಗ ಗೇಟು ನೆನಪಾಗುತ್ತಿತ್ತು. ಮನೆಯೊಳಗೆ ಮೇಡಂ ಇರಲಿಲ್ಲ. ಇದ್ದರೆ ಎಷ್ಟು ಹೆದರುತ್ತಿದ್ದಳೋ ಅಷ್ಟೇ ಹೆದರುತ್ತಿದ್ದಳು.

ಮಗು ಸೊರಗಿತು. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಶುರುವಾಯಿತು. ಒಂಟೆಯ ಕಥೆಗಳು ನಿಂತವು.

ರಿಬ್ಬನ್ನಿನ ವಿಷಯ ಹೇಳಿದ್ದು ಮುನಿವೆಂಕಟಮ್ಮ. ಹೆಬ್ಬಾಳದ ಹಳೇ ಊರಿನವಳು, ಗಂಡ ಸತ್ತ ಮೇಲೆ ಆಯಾ ಕೆಲಸಕ್ಕೆ ಸೇರಿದವಳು. ಒಂದು ಸಂಜೆ ಅಕ್ಬರಿ ಮಗಳ ಜಡೆ ಹಿಡಿದು ಜಗ್ಗುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅದುನ್ಯಾಕಮ್ಮ ಒಡೀತೀಯ? ಅದೇನ್ ಮಾಡ್ತು? ನಾಳೆ ಮದ್ಯಾನ ಇಂದಿನ ಬೇಲಿ ತಾವ ಬಾ. ನಾನ್ ಏಳ್ದೆ ಅನ್ಬ್ಯಾಡ. ನನ್ ಕೆಲ್ಸ ಓಯ್ತದೆ."

ಮರುದಿನ ಮಧ್ಯಾಹ್ನ ಅಕ್ಬರಿ ಹಿಂದಿನ ಬೇಲಿಯ ಸಂದಿಯಲ್ಲಿ ನುಸುಳಿ, ನಲ್ಲಿಯ ಪಕ್ಕದ ಕಿಟಕಿಯಿಂದ ನೋಡಿದಳು. ಬೋರ್ಡಿನ ಮೇಲೆ ದೊಡ್ಡದಾಗಿ ಎರಡು ಮಾತು ಬರೆದಿತ್ತು: ಕೈ ಕೆಳಗೆ. ಬೆಂಚಿನ ಮೇಲೆ ಮಕ್ಕಳು ತಮ್ಮ ತಮ್ಮ ಅಂಗೈ ಮೇಲೆ ತಾವೇ ಕುಂಡೆ ಊರಿ ಕೂತಿದ್ದವು. ಚಿಕ್ಕ ವಯಸ್ಸಿನ ಟೀಚರು ಬಾಯಿಯ ಮುಂದೆ ಒಂದು ಕಾಗದದ ಚೂರು ಹಿಡಿದು 'ಪ, ಪ, ಪ' ಎನ್ನುತ್ತಿದ್ದಳು. ಕಾಗದ ಅಲ್ಲಾಡುತ್ತಿತ್ತು. ಕಾಗದ ಅಲ್ಲಾಡಿಸಿದ ಮಗುವಿಗೆ ಪೆಪ್ಪರಮೆಂಟು.

ಕೊನೇ ಬೆಂಚಿನಲ್ಲಿ ಮುಸರ್ರತ್. ಬಲಗಡೆಯ ಕೂದಲು ಮುಖದ ಮೇಲೆ ಬಿದ್ದಿತ್ತು. ಕೈ ಎರಡೂ ಬೆನ್ನ ಹಿಂದೆ. ಮಣಿಕಟ್ಟಿಗೆ ಕೆಂಪು ರಿಬ್ಬನ್ ಬಿಗಿದಿತ್ತು. ಅಕ್ಬರಿ ಬೆಳಿಗ್ಗೆ ಹೂ ಕಟ್ಟಿ ಕಳಿಸಿದ ರಿಬ್ಬನ್. ಕಟ್ಟಿದ ಕೈಗಳ ಬೆರಳುಗಳು ಸುಮ್ಮನಿರಲಿಲ್ಲ. ಒಂದು ಅಂಗೈ ಇನ್ನೊಂದು ಅಂಗೈಯನ್ನು ಉಜ್ಜುತ್ತಿತ್ತು. ಮುಂದಕ್ಕೆ, ಹಿಂದಕ್ಕೆ. ಅಮ್ಮೀ. ಅಮ್ಮೀ. ಅಮ್ಮೀ.

ಅಕ್ಬರಿಗೆ ಒಳಗೆ ನುಗ್ಗಿ ಆ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಬೇಕು ಅನ್ನಿಸಿತು. ಕಾಲು ಏಳಲಿಲ್ಲ. ನುಗ್ಗಿದರೆ ರಿಜಿಸ್ಟರಿನಿಂದ ಹೆಸರು ಹೊಡೆಯುತ್ತಾರೆ. ಹೆಸರು ಹೊಡೆದರೆ ಮಗು ಬೀದಿಗೆ. ಬೀದಿಯಲ್ಲಿ ಕಲ್ಲು. ಬಂದ ಹಾಗೇ ಬೇಲಿ ನುಸುಳಿ ಹೊರಟುಬಿಟ್ಟಳು. ಸೆರಗು ಮುಳ್ಳಿಗೆ ಸಿಕ್ಕಿ ಹರಿದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಗಂಡನಿಗೂ ಹೇಳಲಿಲ್ಲ.

ಹೆದರಿದ ಮನಸ್ಸು ಎಂಥ ಕೆಲಸ ಮಾಡಿಸುತ್ತದೆ ನೋಡಿ. ಮಾರನೇ ದಿನ ಅವಳು ಅಂಗಡಿಯಿಂದ ಇನ್ನೊಂದು ತುಂಡು ರಿಬ್ಬನ್ ತಂದು ಮಗಳ ಚೀಲಕ್ಕೆ ಹಾಕಿದಳು. ಕೈ ಕಟ್ಟುವುದನ್ನಂತೂ ನಿಲ್ಲಿಸಲಾಗದು, ಜಡೆಯಾದರೂ ಉಳಿಯಲಿ. ಅವತ್ತಿನಿಂದ ಮುಸರ್ರತ್ ಎರಡೂ ಜಡೆ ಸರಿಯಾಗಿಟ್ಟುಕೊಂಡು ಮನೆಗೆ ಬಂದಳು. ತಾಯಿ ಚೀಲಕ್ಕೆ ಹಾಕಿದ ಆ ಹೊಸ ರಿಬ್ಬನ್ ಯಾತಕ್ಕೆ ಎಂದು ಮಗುವಿಗೆ ಗೊತ್ತಿತ್ತು. ಅವತ್ತಿನಿಂದ ಮನೆಯಲ್ಲೂ ಅವಳು ಕೈ ಎತ್ತುವುದು ಬಿಟ್ಟಳು. ಕೂರುವ ಮೊದಲು ಅಂಗೈಗಳನ್ನು ತಾನೇ ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಿದ್ದಳು.

ಭಾನುವಾರ. ಖಾದರ್ ಹೊರಗೆ ಸೈಕಲ್ ತೊಳೆಯುತ್ತಿದ್ದ. ಒಳಗೆ ಅಕ್ಬರಿ ಮಣೆಯ ಮುಂದೆ. ಅವಳ ಹಿಂದೆ, ಇದ್ದಿಲು ಪುಡಿಯ ಗೋಣಿಚೀಲದ ಮೇಲೆ ಮುಸರ್ರತ್ ಕೂತಿದ್ದಳು. ಇದ್ದಕ್ಕಿದ್ದಂತೆ ಬೆನ್ನ ಹಿಂದೆ ಒಂದು ಸದ್ದು ಬಂತು.

"ಅ..."

ಅಕ್ಬರಿಯ ಕೈ ಮಣೆಯ ಮೇಲೇ ನಿಂತಿತು. ತಿರುಗಬಾರದು. ಬಾಯಲ್ಲಿ ಪೂರ್ತಿ ಬರುವ ತನಕ ತಿರುಗಬಾರದು. ಮೇಡಂ ಹೇಳಿದ್ದಾರೆ.

"ಅ... ಅಮ್... ಅಮ್ಮ್..."

ಮಾತು! ಮಗಳಿಗೆ ಮಾತು ಬಂತು! ತಿರುಗಿ ನೋಡಿದಳು. ಮುಸರ್ರತ್ ಕೈ ಕೆಳಗಿಟ್ಟುಕೊಂಡೇ, ಶಾಲೆಯಲ್ಲಿ ಕಲಿಸಿದ ಹಾಗೆ ತುಟಿ ಕೂಡಿಸಿ ಬಿಡಿಸಿ ಮಾಡುತ್ತಿದ್ದಳು. ಕಣ್ಣಲ್ಲಿ ನೀರು. ಅಕ್ಬರಿಯ ಕಣ್ಣಲ್ಲೂ ನೀರು.

"ಏಜೀ! ಬನ್ನಿ! ಅಮ್ಮ ಅಂದ್ಳು! ಬಾಯಿಬಿಟ್ಟು ಅಮ್ಮ ಅಂದ್ಳು!"

ಖಾದರ್ ಒದ್ದೆ ಕೈಯಲ್ಲೇ ಓಡಿ ಬಂದ. ಗೌಹರ್ ಬಂದಳು. ಖಾದರ್ ಮಗಳ ಮುಂದೆ ಮಂಡಿಯೂರಿ ಕೂತು, "ಇನ್ನೊಂದ್ಸಲ ಬೇಟಾ, ಇನ್ನೊಂದೇ ಒಂದ್ಸಲ," ಎಂದ. ಮುಸರ್ರತ್ ಇನ್ನೊಂದು ಸಲ ಅಂದಳು. ಇನ್ನೂ ಜೋರಾಗಿ. ಗೌಹರ್ ಚಪ್ಪಾಳೆ ತಟ್ಟಿದಳು. ಮಾತಿಗೊಂದು ಪೆಪ್ಪರಮೆಂಟು ಕೊಡಬೇಕಲ್ಲ, ಖಾದರ್ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಸಕ್ಕರೆ ತಂದು ಮಗಳ ಬಾಯಿಗೆ ಹಾಕಿದ. ಸಕ್ಕರೆ ಒಳಗೆ ಹೋಗಲಿಲ್ಲ. ಜೊಲ್ಲಿನ ಜೊತೆ ಗಲ್ಲದ ಮೇಲೆ ಇಳಿಯಿತು. ಅವನು ನಗುತ್ತಾ ಒರೆಸಿದ. "ಮತ್ತೆ ಹೇಳು, ಮತ್ತೆ ಹೇಳು."

ಮಗು ಮತ್ತೆ ಹೇಳಿತು. ಮೂವರು ದೊಡ್ಡವರು ಸುತ್ತ ಕೂತು ಹೇಳಿಸಿದರು.

ಅಕ್ಬರಿ ಮುದ್ದಿಸಲೆಂದು ಹಣೆಗೆ ಹಣೆ ಹಚ್ಚಿದಳು. ಹಣೆ ಐಸಿನ ಹಾಗೆ ತಣ್ಣಗಿತ್ತು. ಬೆವರು ನೀರಿನ ಹಾಗೆ ಸುರಿಯುತ್ತಿತ್ತು. ಆಗ ಅವಳ ಕಣ್ಣು ಗೋಣಿಚೀಲದ ಅಂಚಿಗೆ ಹೋಯಿತು. ಕೆಂಚು ಬಣ್ಣದ ಸಣ್ಣ ಚೇಳು ಕೊಂಡಿ ಎತ್ತಿಕೊಂಡು ನಿಧಾನಕ್ಕೆ ಗೋಡೆ ಕಡೆ ಹೋಗುತ್ತಿತ್ತು.

ಅಕ್ಬರಿ ಕಿರುಚಿದಳು. ಮಗಳನ್ನು ಎತ್ತಿ ಲಂಗ ಸರಿಸಿದಳು. ತೊಡೆ ಕೆಂಪಗೆ ಬಾತಿತ್ತು. ಆ ಬಾವಿನ ಪಕ್ಕದಲ್ಲೇ ಮಗುವಿನ ಎರಡೂ ಅಂಗೈ. ಎತ್ತಿ ತೋರಿಸಿದ್ದರೆ ಸಾಕಿತ್ತು. ಜಾಗ ಮುಟ್ಟಿ ಕೈ ಕೊಡವಿದ್ದರೆ ಸಾಕಿತ್ತು. ಚೇಳು ಕಡಿದು, ಉರಿ ಏರಿ, ಜೊಲ್ಲು ಸುರಿಯುವ ತನಕ ಆ ಮಗು ಕೈ ಎತ್ತಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು.

ಖಾದರ್ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಅಕ್ಬರಿ ಚಪ್ಪಲಿ ಇಲ್ಲದೆ ಹಿಂದೆ ಓಡಿದಳು. ಮುಖ್ಯರಸ್ತೆಯಲ್ಲಿ ಆಟೋ ಸಿಕ್ಕಿತು. ಆಟೋದಲ್ಲಿ ಮಗು ವಾಂತಿ ಮಾಡಿತು, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡಿತು. ಯಾ ಅಲ್ಲಾ, ಯಾ ಅಲ್ಲಾ ಎನ್ನುವುದು ಬಿಟ್ಟು ಅಕ್ಬರಿಗೆ ಬೇರೆ ಏನೂ ತೋಚಲಿಲ್ಲ. ಮಗಳು ಸಾಯುತ್ತಾಳೆ, ಸತ್ತರೆ ನಾನೇ ಕೊಂದೆ. ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚಿದರು, ಬಾಟಲಿ ಏರಿಸಿದರು. ಬೆಳಗಾಗುವ ಹೊತ್ತಿಗೆ ಜೀವ ಉಳಿಯಿತು. ಡ್ಯೂಟಿ ಡಾಕ್ಟರು ಬಂದು, "ಎಲ್ಲೆಲ್ಲಿ ನೋವಿದೆ ಕೇಳಮ್ಮ. ಎದೇಲಿ ಏನಾದ್ರೂ ಆಗ್ತಿದ್ಯಾ ಕೇಳು," ಎಂದರು.

ಅಕ್ಬರಿ ಮಗಳ ಕಡೆ ಬಗ್ಗಿದಳು. ಮುಸರ್ರತ್ ತಾಯಿಯ ಮುಖ ನೋಡಿದಳು, ಬಿಳಿ ಕೋಟಿನವರ ಮುಖ ನೋಡಿದಳು. ಸೂಜಿ ಚುಚ್ಚಿದ ಕೈಯನ್ನೇ ಎಳೆದು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಳು. ಬಾಟಲಿಯ ಕೊಳವೆ ಬಿಗಿದು ರಕ್ತ ಬಂತು.

ಅಕ್ಬರಿ ಮೊದಲು ಆ ಕೈಗಳನ್ನು ಮೆಲ್ಲಗೆ ಹೊರಗೆ ತೆಗೆದು ಹೊದಿಕೆಯ ಮೇಲಿಟ್ಟಳು. ಆಮೇಲೆ ತನ್ನ ಕೈ ಎತ್ತಿದಳು. ಎಡ ಅಂಗೈ ಮೇಲೆ ಬಲ ಅಂಗೈ ಉಜ್ಜಿದಳು. ಅಮ್ಮೀ. ಮಗಳ ಎದೆ ಮುಟ್ಟಿ, ಕೈ ಕೊಡವಿದಳು. ನೋವಾ?

ಮುಸರ್ರತ್ ಬಾಗಿಲ ಕಡೆ ನೋಡಿದಳು. ಯಾರಾದರೂ ಬರುತ್ತಾರೇನೋ ಎಂದು. ಯಾರೂ ಬರಲಿಲ್ಲ. ಮತ್ತೂ ನೋಡಿದಳು. ಎಷ್ಟೋ ಹೊತ್ತಿನ ಮೇಲೆ ಒಂದು ಕೈ ಎದ್ದಿತು. ಎದೆ ಮುಟ್ಟಿ, ಇಲ್ಲ ಎಂದಿತು. ತೊಡೆ ಮುಟ್ಟಿ ಜೋರಾಗಿ ಕೊಡವಿತು. ಆಮೇಲೆ ಆ ಕೈಗಳು ನಿಲ್ಲಲೇ ಇಲ್ಲ. ಚೇಳು ಹೇಗೆ ಬಂತು, ಹೇಗೆ ಕಡಿಯಿತು, ಅಬ್ಬಾ ಹೇಗೆ ಸಕ್ಕರೆ ಹಾಕಿದ, ಗೌಹರ್ ಹೇಗೆ ಚಪ್ಪಾಳೆ ತಟ್ಟಿದಳು, ಎಲ್ಲ. ಖಾದರ್ ಗೋಡೆಗೆ ಮುಖ ಒತ್ತಿಕೊಂಡು ಬಿಕ್ಕಿದ. ಸಕ್ಕರೆ ಹಾಕಿದ ಕೈಯನ್ನು ಅಂಗಿಗೆ ಒರೆಸುತ್ತಲೇ ಇದ್ದ.

ಮನೆಗೆ ಬಂದ ಮೇಲೆ ಮಸೀದಿಯ ಹಜರತ್ ಅತಾವುಲ್ಲಾ ಮಗುವನ್ನು ನೋಡಲು ಬಂದರು. ವಯಸ್ಸಾದವರು, ದುವಾ ಓದಿ ಮಗುವಿನ ಮೇಲೆ ಊದಿದರು. ಖಾದರ್ ತಡೆಯಲಾರದೆ ಇಷ್ಟು ದಿನ ನುಂಗಿದ್ದನ್ನು ಕಕ್ಕಿದ. ಖುಬೂಲ್ ಅನ್ನಲಿ ಅಂತ ಮಾಡಿದೆ ಹಜರತ್, ಇಲ್ಲದಿದ್ದರೆ ನಿಕಾಹ್ ಹೇಗಾಗುತ್ತೆ ಎಂದ.

ಹಜರತ್ ಅವನನ್ನೇ ನೋಡಿದರು. "ಯಾರಪ್ಪ ಹೇಳಿದ್ದು ನಿನಗೆ? ಮೂಕರು ಇಶಾರೆಯಲ್ಲಿ ಹೇಳಿದರೆ ಅದೇ ಖುಬೂಲ್. ತಲೆ ಆಡಿಸಿದರೂ ಆಯಿತು, ಕೈ ತೋರಿಸಿದರೂ ಆಯಿತು. ಶರೀಯತ್ ಒಪ್ಪುತ್ತೆ. ನನ್ನನ್ನ ಒಂದು ಮಾತು ಕೇಳೋದಲ್ವಾ?"

ಪರದೆಯ ಹಿಂದೆ ನಿಂತಿದ್ದ ಅಕ್ಬರಿಗೆ ಎಲ್ಲವೂ ಕೇಳಿಸಿತು. ದೇವರೇ ಒಪ್ಪುವ ಕೈಯನ್ನು ಆ ಹೆಂಗಸು ಕಟ್ಟಿದಳಲ್ಲ! ಕಟ್ಟುವುದಕ್ಕೆ ನಾನೇ ರಿಬ್ಬನ್ ಕೊಟ್ಟು ಕಳಿಸಿದೆನಲ್ಲ! ಎಷ್ಟೋ ತಿಂಗಳ ಮೇಲೆ ಅವಳಿಗೆ ಹೆದರಿಕೆಯ ಜೊತೆ ಸಿಟ್ಟೂ ಹುಟ್ಟಿತು.

"ಆ ಶಾಲೆ ಬೇಡ. ಬಿಡಿಸಿಬಿಡೋಣ," ಎಂದ ಖಾದರ್.

"ಬಿಡಿಸಿ?" ಎಂದಳು ಅಕ್ಬರಿ. "ಮಣೆ ಮುಂದೆ ಕೂರಿಸೋಣ್ವಾ? ನನ್ ಹಾಗೆ ಕಪ್ಪು ಉಗುಳ್ತಾ ಇರ್ಲಾ? ಓದ್ಬೇಕು ಅವಳು. ಕೈ ಕಟ್ಟೋರು ಅವರು. ಶಾಲೆ ಬಿಡೋರು ನಾವಾ?"

ಮಗುವಿನ ಬಾವು ಇಳಿದ ಮೇಲೆ ಅಕ್ಬರಿ ಅವಳ ತಲೆ ಬಾಚಿದಳು. ಎರಡು ಜಡೆ, ಎರಡು ರಿಬ್ಬನ್. ಮೂರನೆಯದನ್ನು ಮುಷ್ಟಿಯಲ್ಲಿಟ್ಟುಕೊಂಡಳು. ಗೇಟಿನ ಬಳಿ ಮುನಿವೆಂಕಟಮ್ಮ ಮಗುವನ್ನು ಕರೆದುಕೊಳ್ಳಲು ಕೈ ಚಾಚಿದಳು. ಅಕ್ಬರಿ ಮಗಳ ಕೈ ಬಿಡಲಿಲ್ಲ. ಗೇಟು ದಾಟಿ ಒಳಗೆ ನಡೆದಳು. ವಾಚ್‌ಮನ್ ಪಂಚಪ್ಪ, "ಏಯ್, ಏಯ್, ಎಲ್ಲಿಗಮ್ಮ?" ಎಂದು ಹಿಂದೆ ಓಡಿಬಂದ.

ದೊಡ್ಡ ಮೇಡಂ ವರಾಂಡದಲ್ಲೇ ಸಿಕ್ಕರು. ಅಕ್ಬರಿಗೆ ಹೇಳಬೇಕೆಂದು ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಮುಷ್ಟಿ ಬಿಚ್ಚಿ ರಿಬ್ಬನ್ ತೋರಿಸಿದಳು.

"ಮೇಡಂ... ಇದು ಜಡೆಗೆ. ಕೈಗಲ್ಲ."

"ಏನಮ್ಮ ಇದು? ಯಾರು ಒಳಗೆ ಬಿಟ್ಟಿದ್ದು?"

"ಚೇಳು ಕಡೀತು ಮೇಡಂ. ನನ್ ಮಗೂಗೆ. ಕೈ ಎತ್ತಲಿಲ್ಲ. ನಿಮ್ ಭಯಕ್ಕೆ ಎತ್ತಲಿಲ್ಲ. ಸಾಯ್ತಿತ್ತು."

ಮೇಡಂ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಮರುಗಳಿಗೆ ಸರಿಹೋಯಿತು. "ಅದು ಆಕಸ್ಮಿಕ ಕಣಮ್ಮ. ನಾವು ಮಾಡೋದು ಮಕ್ಕಳ ಒಳ್ಳೇದಕ್ಕೆ. ಇಲ್ಲಿ ಇರೋದು ಇದೇ ಪದ್ಧತಿ. ಬೇಡ ಅಂದ್ರೆ ಕರ್ಕೊಂಡ್ ಹೋಗಿ."

"ಇಲ್ಲ ಮೇಡಂ."

"ಏನು?"

"ಕರ್ಕೊಂಡ್ ಹೋಗಲ್ಲ. ಮೆಷಿನ್ ಬೇಕಾದ್ರೆ ಇಟ್ಕೊಳ್ಳಿ. ನನ್ ಮಗಳು ಇಲ್ಲೇ ಓದ್ತಾಳೆ. ಕೈ ಬಿಟ್ಕೊಂಡು ಓದ್ತಾಳೆ. ಗೇಟ್ ಮೇಲೆ ಇವರ ವರ್ಷ ಅಂತ ಬರ್ಸಿದೀರಲ್ಲ. ಇದು ಇವರ ಶಾಲೆ ತಾನೆ?" ಅಷ್ಟು ಹೇಳುವ ಹೊತ್ತಿಗೆ ಅವಳ ದನಿ ಒಡೆದು ಹೋಗಿತ್ತು.

"ಪಂಚಪ್ಪ, ಇವರನ್ನ ಆಚೆ ಕಳ್ಸು. ಹೋಗ್ಲಿಲ್ಲ ಅಂದ್ರೆ ಪೊಲೀಸಿಗೆ ಫೋನ್ ಮಾಡ್ತೀನಿ," ಎಂದು ಮೇಡಂ ಒಳಗೆ ಹೋದರು.

ಮುಸರ್ರತ್ ತನ್ನ ಕ್ಲಾಸಿಗೆ ಹೋದಳು. ಅಕ್ಬರಿ ಅದೇ ಕ್ಲಾಸಿನ ಬಾಗಿಲ ಎದುರು, ವರಾಂಡದ ನೆಲದ ಮೇಲೆ ಕೂತಳು. ಹೆಗಲ ಚೀಲದಿಂದ ಓರೆ ಮಣೆ ತೆಗೆದು ಕಾಲ ಮೇಲಿಟ್ಟಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಪ್ಪು ಹಿಟ್ಟು, ಒಂದು ಕಟ್ಟು ಕಡ್ಡಿ. ದಿನದ ಕೆಲಸ ಬಿಡುವ ಹಾಗಿರಲಿಲ್ಲ. ಅದೂ ಅಲ್ಲದೆ, ಕೈಗೆ ಏನಾದರೂ ಕೆಲಸ ಇಲ್ಲದಿದ್ದರೆ ಆ ಹೆದರಿಕೆಯಲ್ಲಿ ಎದ್ದು ಓಡಿಬಿಡುತ್ತಿದ್ದಳು.

ಪಂಚಪ್ಪ ಬಂದು ಎದುರಿಗೆ ನಿಂತ. "ಏಳಮ್ಮ. ಹೆಂಗಸಿನ ಮೈ ಮುಟ್ಟೋಹಂಗ್ ಮಾಡ್ಬೇಡ,"  ಎಂದ. ಮುನಿವೆಂಕಟಮ್ಮ ನಲ್ಲಿಯಿಂದ ಒಂದು ಚೊಂಬು ನೀರು ತಂದು ಅಕ್ಬರಿಯ ಪಕ್ಕದಲ್ಲಿಟ್ಟು, ತಾನೂ ಅಲ್ಲೇ ಕಂಬಕ್ಕೆ ಒರಗಿ ಕೂತಳು. "ಮುಟ್ಟು ನೋಡಾನ," ಎಂದಳು ಅವನಿಗೆ. ತನ್ನ ಕೆಲಸ ಹೋಯಿತೆಂದು ಅವಳಿಗೂ ಗೊತ್ತಿತ್ತು. ಪಂಚಪ್ಪ ಗೇಟಿನ ಕಡೆ ಹೋಗಿ ಬೀಡಿ ಹಚ್ಚಿದ.

ಅಕ್ಬರಿ ಹಿಟ್ಟಿನ ಉಂಡೆ ಚಿವುಟಿ, ಕಡ್ಡಿಗೆ ಅಂಟಿಸಿ, ಹೊಸೆದಳು. ಅಂಗೈ ಮುಂದಕ್ಕೆ, ಹಿಂದಕ್ಕೆ. ಬಾಗಿಲಿನೊಳಗೆ ಟೀಚರು ಕಾಗದದ ಚೂರು ಹಿಡಿದು 'ಪ, ಪ' ಎನ್ನುತ್ತಿದ್ದಳು. ಬೆಂಚಿನ ಮೇಲಿನ ಒಂದು ತಲೆ ಬಾಗಿಲ ಕಡೆ ತಿರುಗಿತು. ಇನ್ನೊಂದು ತಿರುಗಿತು. ಆ ಕಟ್ಟಡಕ್ಕೆ ಬಂದ ಮೇಲೆ ಅವು ಕಂಡ ಮೊದಲನೇ ಆಡುವ ಕೈ ಅದು. ಟೀಚರು ಬೋರ್ಡು ಬಡಿದಳು. ಬಡಿದ ಸದ್ದು ಯಾರಿಗೂ ಕೇಳಿಸಲಿಲ್ಲ.

ಕೊನೇ ಬೆಂಚಿನಲ್ಲಿ ಮುಸರ್ರತ್ ತೊಡೆಯ ಕೆಳಗಿಂದ ಒಂದು ಕೈ ತೆಗೆದಳು. ಟೀಚರನ್ನು ನೋಡಿದಳು. ಇನ್ನೊಂದು ಕೈಯನ್ನೂ ತೆಗೆದಳು. ಎಲ್ಲರೆದುರಿಗೆ, ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಮೇಲೆ ಅಂಗೈ ಉಜ್ಜಿದಳು. ಪಕ್ಕದ ಹುಡುಗಿ ಅದನ್ನೇ ನೋಡಿ ತನ್ನ ಕೈ ಮೇಲೆ ಉಜ್ಜಿ ನೋಡಿದಳು.

ರಸ್ತೆಯ ಕಡೆಯಿಂದ ಜೀಪಿನ ಸದ್ದು ಬಂತು. ಹತ್ತಿರವಾಯಿತು. ಗೇಟಿನ ಬಳಿ ನಿಂತಿತು. ಪೊಲೀಸರೇ ಬಂದರು, ಎದ್ದು ಬೇಲಿ ನುಸುಳೋಣವೇ ಎಂದು ಅಕ್ಬರಿಯ ಕಾಲು ಎಳೆಯಿತು. ಮಕ್ಕಳಿಗೆ ಜೀಪು ಕೇಳಿಸಿರಲಿಲ್ಲ. ಅವು ಅವಳ ಕೈಯನ್ನೇ ನೋಡುತ್ತಿದ್ದವು. ಅವಳು ಇನ್ನೊಂದು ಕಡ್ಡಿ ತೆಗೆದುಕೊಂಡು ಹೊಸೆದಳು.